ಹೊಳೆಗೆ ಇಳಿಯುವವರ ಆರೋಗ್ಯ: ಪ್ರವಾಹ ಸ್ವಯಂಸೇವಕರನ್ನು ನೋಡಿಕೊಳ್ಳುವ ಬಗೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ನದಿಗಳು ಒಟ್ಟಿಗೇ ಉಕ್ಕಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೊಳೆಸಾಲಿನ ಊರುಗಳನ್ನು ಸುತ್ತುವರಿದಾಗ, ಜಮಖಂಡಿ ತಾಲ್ಲೂಕಿನ ನಮ್ಮ ಭಾಗದಲ್ಲಿ ಮೊದಲು ನೀರಿಗೆ ಇಳಿದವರು ಊರಿನ ತರುಣರು, ಅಂಬಿಗರು ಮತ್ತು ಟ್ರ್ಯಾಕ್ಟರ್ ಇದ್ದ ರೈತರು. ಸರ್ಕಾರದ ರಕ್ಷಣಾ ಪಡೆಗಳು ಬಂದ ಮೇಲೂ ದಾರಿ ತೋರಿಸಲು, ದನಕರು ಬಿಡಿಸಲು, ಹಾಸಿಗೆ ಹಿಡಿದ ಮುದುಕರನ್ನು ಹೊತ್ತು ತರಲು ಇವರೇ ಬೇಕಾದರು. ಐದನೆಯ ದಿನ ಸಂಜೆ ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದ ಇಪ್ಪತ್ತೆರಡು ವಯಸ್ಸಿನ ಒಬ್ಬ ಹುಡುಗನಿಗೆ ಚಹಾ ಕೊಟ್ಟೆ. ಬಸಿಗೆ ಸುರಿದುಕೊಂಡ ಚಹಾ ತುಟಿಗೆ ತಲುಪುವ ಮೊದಲೇ ಅರ್ಧ ಚೆಲ್ಲಿತು. ಕೈ ಅಷ್ಟು ನಡುಗುತ್ತಿತ್ತು. ಅಂಗಾಲು ಬಿಳಿಚಿಕೊಂಡು, ಹಿಮ್ಮಡಿಯ ಚರ್ಮ ನೆನೆದು ಸುಲಿದಿತ್ತು. “ಏನಾಗೈತೋ ತಮ್ಮಾ?” ಎಂದು ಕೇಳಿದರೆ, “ಏನಿಲ್ರೀ ಕಾಕಾ, ನಿದ್ದಿ ಕಮ್ಮಿ ಆಗೈತಿ ಅಷ್ಟ” ಎಂದ. ನಾನು ನಂಬಿದೆ.

ನೀರು ಇಳಿದು ವಾರ ಕಳೆದ ಮೇಲೆ ಅವನಿಗೆ ಜ್ವರ ಬಂತು. ಮಳೆಯಲ್ಲಿ ನೆನೆದದ್ದಕ್ಕೆ ಬಂದದ್ದೆಂದು ಮೂರು ದಿನ ಗುಳಿಗೆ ನುಂಗಿಸಿದೆವು. ಮೀನಖಂಡದ ನೋವಿಗೆ ಅವನು ಎದ್ದು ನಿಲ್ಲಲಾರದಾದಾಗ, ಕೆಂಪಾಗಿದ್ದ ಕಣ್ಣು ಹಳದಿಗೆ ತಿರುಗಿದಾಗ ಆಸ್ಪತ್ರೆಗೆ ಒಯ್ದೆವು. ಅದು ಇಲಿಜ್ವರವಾಗಿತ್ತು. ಹುಡುಗ ಉಳಿದ, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ವಾರಗಟ್ಟಲೆ ಹಾಸಿಗೆ ಹಿಡಿದ. ಆ ದಿನಗಳಲ್ಲಿ ನಾವು ಸಂತ್ರಸ್ತರ ಹೆಸರು, ಮನೆ, ದನಗಳ ಲೆಕ್ಕವನ್ನೆಲ್ಲ ಬರೆದಿಟ್ಟಿದ್ದೆವು. ನೀರಿಗೆ ಇಳಿದ ನಮ್ಮವರ ಪಟ್ಟಿಯೇ ನಮ್ಮಲ್ಲಿರಲಿಲ್ಲ. ಆ ತಪ್ಪಿನಿಂದ ಕಲಿತದ್ದನ್ನು ಮತ್ತು ಆಮೇಲೆ ವೈದ್ಯರಿಂದ, ತರಬೇತಿಗಳಿಂದ ತಿಳಿದುಕೊಂಡದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ತರುಣ ಸಂಘದವರು, ಗೃಹರಕ್ಷಕರು, ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಸರ್ಕಾರ ಕೊಡುವ ಆಪದ ಮಿತ್ರ ತರಬೇತಿ ಪಡೆದವರು, ಗ್ರಾಮ ಪಂಚಾಯಿತಿಯವರು ಮತ್ತು ಸ್ವಯಂಸೇವಕರ ಮನೆಯವರು ಇದನ್ನು ತಮ್ಮ ಊರಿಗೆ ತಕ್ಕಂತೆ ಬಳಸಿಕೊಳ್ಳಬಹುದು.

ಮೊದಲ ಹೆಜ್ಜೆ: ದಂಡೆಯವರನ್ನು ನೇಮಿಸಿ

ತನಗೆ ದಣಿವಾಗಿದೆ ಎಂದು ಸ್ವಯಂಸೇವಕ ತಾನಾಗಿ ಹೇಳುವುದಿಲ್ಲ. ಮನೆಯನ್ನೇ ಕಳೆದುಕೊಂಡವರು ಎದುರಿಗೆ ಕುಳಿತಿರುವಾಗ ಕಾಲು ನೋಯುತ್ತದೆ ಎನ್ನಲು ಅವನಿಗೆ ನಾಚಿಕೆ. ಗೆಳೆಯರು ಇನ್ನೂ ನೀರಿನಲ್ಲಿರುವಾಗ ತಾನು ಮೇಲೆ ಬಂದರೆ ಹೇಡಿ ಎಂದಾರು ಎಂಬ ಅಳುಕು. ಹೀಗಿರುವಾಗ ಅವನು ಕೇಳಿದರೆ ಕೊಡೋಣ, ಹೇಳಿದರೆ ನೋಡೋಣ ಎಂದು ಕಾಯುವ ಏರ್ಪಾಡಿನಿಂದ ಏನೂ ಆಗದು. ಕೇಳದಿದ್ದರೂ ನೋಡುವ ಹೊಣೆ ಮತ್ತು ನೋಡಿದ ಮೇಲೆ ತಡೆಯುವ ಅಧಿಕಾರ ಎರಡೂ ಇರುವ ಒಬ್ಬರು ಪ್ರತಿ ತಂಡಕ್ಕೂ ಬೇಕು. ನಮ್ಮಲ್ಲಿ ಇವರನ್ನು ‘ದಂಡೆಯವರು’ ಎನ್ನುತ್ತೇವೆ.

ಹತ್ತರಿಂದ ಹನ್ನೆರಡು ಜನರಿಗೆ ಒಬ್ಬರು ದಂಡೆಯವರು ಸಾಕು. ಎಷ್ಟೇ ಅವಸರವಿದ್ದರೂ ಅವರು ನೀರಿಗೆ ಇಳಿಯಬಾರದು. ಮಾತಿಗೆ ಬೆಲೆಯಿರುವ ಹಿರಿಯರು, ನಿವೃತ್ತ ಶಿಕ್ಷಕರು, ಹಿಂದೆ ನರ್ಸ್ ಆಗಿದ್ದವರು ಈ ಕೆಲಸಕ್ಕೆ ಒಪ್ಪುತ್ತಾರೆ. ಆಶಾ ಕಾರ್ಯಕರ್ತೆಯರ ಮೇಲೆ ಈ ಹೊಣೆಯನ್ನು ಹೊರಿಸಬೇಡಿ. ಪ್ರವಾಹದ ಹೊತ್ತಿಗೆ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರದ ಗರ್ಭಿಣಿಯರು, ಬಾಣಂತಿಯರ ಭಾರವೇ ಅವರಿಗೆ ಮಿತಿಮೀರಿರುತ್ತದೆ. ದಂಡೆಯವರ ಕೈಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇರಲಿ. ಪ್ರತಿಯೊಬ್ಬರ ಹೆಸರು, ವಯಸ್ಸು, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ, ತೆಗೆದುಕೊಳ್ಳುತ್ತಿರುವ ಔಷಧಿ, ಯಾವುದಾದರೂ ಔಷಧಿ ಒಗ್ಗದಿದ್ದರೆ ಅದು, ನೀರಿಗೆ ಇಳಿದ ಹೊತ್ತು, ಮೇಲೆ ಬಂದ ಹೊತ್ತು ಇಷ್ಟನ್ನು ಅದರಲ್ಲಿ ಬರೆಯಬೇಕು. ದಂಡೆಯವರು “ಸಾಕು, ಮ್ಯಾಲ ಬಾ” ಎಂದರೆ ಮೇಲೆ ಬರಬೇಕು, ಅಲ್ಲಿ ವಾದವಿಲ್ಲ ಎಂಬ ಮಾತನ್ನು ಮಳೆಗಾಲಕ್ಕೆ ಮೊದಲೇ ಎಲ್ಲರೂ ಕುಳಿತು ಒಪ್ಪಿಕೊಂಡಿರಬೇಕು. ರೈತರೇ ಹಣ, ಬೆವರು ಕೂಡಿಸಿ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ತಾಲ್ಲೂಕು ನಮ್ಮದು. ಮೈಮುರಿದು ದುಡಿಯುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ನಿಲ್ಲಿಸುವುದನ್ನು ರೂಢಿಗೆ ತರಬೇಕಾಗಿದೆ.

ಎರಡನೆಯ ಹೆಜ್ಜೆ: ಜೂನ್‌ಗೆ ಮೊದಲೇ ತಪಾಸಣೆ, ಲಸಿಕೆ, ವಿಮೆ

ಮೇ ತಿಂಗಳಲ್ಲಿ ಒಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿಕೊಂಡು ಇಡೀ ತಂಡದ ತಪಾಸಣೆ ಮಾಡಿಸಿ. ರಕ್ತದೊತ್ತಡ, ಸಕ್ಕರೆ, ಉಸಿರಾಟ, ಕಣ್ಣು ನೋಡಿಸಿದರೆ ಹೆಚ್ಚಿನ ವಿಷಯ ತಿಳಿಯುತ್ತದೆ. ಮೂರ್ಛೆ ರೋಗ ಇರುವವರು, ಹೃದಯದ ತೊಂದರೆ ಇರುವವರು, ಈಜು ಬಾರದವರು ನೀರಿನ ಕೆಲಸಕ್ಕೆ ಬೇಡ. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಸ್ಪರ್ಶ ಮಂದವಾಗಿರಬಹುದು; ಕೆಸರಿನಲ್ಲಿ ತಗಡು, ಗಾಜು ಕೊಯ್ದರೂ ಅವರಿಗೆ ತಿಳಿಯದೆ ಗಾಯ ಬಲಿಯುತ್ತದೆ. ಇಂಥವರನ್ನು ತಂಡದಿಂದ ಹೊರಗೆ ಹಾಕಬೇಕೆಂದಿಲ್ಲ. ಅಡುಗೆ, ಫೋನ್, ಲೆಕ್ಕ, ಔಷಧಿ ತರುವುದು, ಕಾಳಜಿ ಕೇಂದ್ರದ ಮೇಲ್ವಿಚಾರಣೆ ಹೀಗೆ ದಂಡೆಯ ಮೇಲೆ ಬೇಕಾದಷ್ಟು ಕೆಲಸವಿದೆ.

ಧನುರ್ವಾಯು ತಡೆಯುವ ಟಿ.ಡಿ. ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೇ ಎಂದು ಎಲ್ಲರನ್ನೂ ಕೇಳಿ, ಆಗದವರಿಗೆ ಹಾಕಿಸಿ. ಅಪಘಾತದ ಗಾಯಾಳುಗಳನ್ನು ಎತ್ತುವವರಿಗೆ, ರಕ್ತ ಮುಟ್ಟಬೇಕಾಗಿ ಬರುವವರಿಗೆ ಹೆಪಟೈಟಿಸ್ ಬಿ ಲಸಿಕೆ ಅಗತ್ಯ. ಅದು ಮೂರು ಸಲದ ಲಸಿಕೆ: ಮೊದಲನೆಯದು ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಜೂನ್ ತಿಂಗಳಲ್ಲಿ ನೆನಪಾದರೆ ಮಳೆಗಾಲ ಮುಗಿದ ಮೇಲೆ ಪೂರ್ತಿಯಾಗುತ್ತದೆ. ಆದ್ದರಿಂದ ಡಿಸೆಂಬರ್ ಅಥವಾ ಜನವರಿಯಲ್ಲೇ ಶುರು ಮಾಡಬೇಕು.

ಇಲಿಜ್ವರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲಿ, ನಾಯಿ, ದನಗಳ ಮೂತ್ರ ಬೆರೆತ ನೀರು ಚರ್ಮದ ಸಣ್ಣ ಗಾಯಗಳ ಮೂಲಕ, ಕಣ್ಣು ಬಾಯಿಯ ತೆಳು ಚರ್ಮದ ಮೂಲಕ ರೋಗಾಣುವನ್ನು ಒಳಗೆ ಒಯ್ಯುತ್ತದೆ. ಕೊಟ್ಟಿಗೆಗಳು ಮುಳುಗಿ, ಕಬ್ಬಿನ ಗದ್ದೆಯ ಇಲಿಗಳು ಊರ ಕಡೆ ಬರುವ ನಮ್ಮ ಹೊಳೆಸಾಲಿನಲ್ಲಿ ಇದಕ್ಕೆ ಎಲ್ಲ ಅನುಕೂಲವೂ ಇದೆ. ದಿನಗಟ್ಟಲೆ ನೆರೆನೀರಿನಲ್ಲಿ ನಿಲ್ಲುವವರಿಗೆ, ಆ ಅಪಾಯ ಇರುವಷ್ಟು ಕಾಲ, ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ವಾರಕ್ಕೊಮ್ಮೆ 200 ಮಿಲಿಗ್ರಾಂನಂತೆ ವೈದ್ಯರು ಬರೆದುಕೊಡುತ್ತಾರೆ. ಇದನ್ನು ಊಟದ ನಂತರ ತುಂಬಿದ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕು. ನುಂಗಿದ ಕೂಡಲೇ ಮಲಗಿದರೆ ಅನ್ನನಾಳ ಹುಣ್ಣಾಗಬಹುದು. ಗರ್ಭಿಣಿಯರಿಗೆ ಇದು ಸಲ್ಲದು. ಔಷಧಿ ಅಂಗಡಿಯಿಂದ ತಾವೇ ತಂದು ಹಂಚುವ ಉತ್ಸಾಹವನ್ನು ನಾನು ಕಂಡಿದ್ದೇನೆ. ದಯವಿಟ್ಟು ವೈದ್ಯರನ್ನು ಕೇಳದೆ ಕೊಡಬೇಡಿ.

ವಿಮೆಯ ಮಾತನ್ನು ತೆಗೆಯಲು ನಮ್ಮವರು ಹಿಂಜರಿಯುತ್ತಾರೆ, ಅಪಶಕುನ ಎನ್ನುತ್ತಾರೆ. ಆದರೂ ಮಾತನಾಡಬೇಕು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಗೆ ಅಪಘಾತ ವಿಮೆ ಇದೆ. ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ. ಅದರ ವರ್ಷ ಜೂನ್ 1ಕ್ಕೆ ಆರಂಭವಾಗುವುದು ನಮಗೆ ಅನುಕೂಲವೇ. ಪ್ರೀಮಿಯಂ ಖಾತೆಯಿಂದ ತಾನಾಗಿ ಕಡಿತವಾಗುವುದರಿಂದ ಮೇ ಕೊನೆಯ ವಾರ ಎಲ್ಲರ ಪಾಸ್‌ಬುಕ್ ನೋಡಿ, ಹಣವಿದೆಯೇ, ನಾಮನಿರ್ದೇಶನ ಆಗಿದೆಯೇ ಎಂದು ದಂಡೆಯವರು ಖಚಿತಪಡಿಸಿಕೊಳ್ಳಲಿ. ತಂಡದ ಹೆಸರುಗಳ ಒಂದು ಪ್ರತಿಯನ್ನು ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ಮೊದಲೇ ಕೊಟ್ಟು ಸಹಿ ಮಾಡಿಸಿಕೊಳ್ಳಿ. ಅನಾಹುತವಾದ ಮೇಲೆ “ಇವನು ರಕ್ಷಣೆಗೆ ಹೋಗಿದ್ದನೋ, ನೋಡಲು ಹೋಗಿದ್ದನೋ” ಎಂಬ ಪ್ರಶ್ನೆಗೆ ಆ ಕಾಗದವೇ ಉತ್ತರ.

ಮೂರನೆಯ ಹೆಜ್ಜೆ: ಪಾಳಿ ಮತ್ತು ನಿದ್ದೆ

ಕೃಷ್ಣೆಯ ಮಹಾಪೂರಕ್ಕೆ ಒಂದು ಗುಣವಿದೆ. ನಮ್ಮಲ್ಲಿ ಮೋಡವೇ ಇಲ್ಲದ ದಿನವೂ ಹೊಳೆ ಏರುತ್ತದೆ, ಏಕೆಂದರೆ ಮಳೆ ಬಿದ್ದಿರುವುದು ಮಹಾಬಳೇಶ್ವರದ ಕಡೆಯ ಘಟ್ಟದಲ್ಲಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಬಂದಾಗಲೂ ನೀರು ನಮ್ಮ ಊರಿಗೆ ಮುಟ್ಟುವ ಮೊದಲು ಸಮಯ ಸಿಗುತ್ತದೆ. ಈ ಸಮಯವನ್ನು ಹೊಳೆ ನೋಡುತ್ತ, ಮೊಬೈಲ್‌ನಲ್ಲಿ ಸುದ್ದಿ ಕೇಳುತ್ತ ರಾತ್ರಿಯೆಲ್ಲ ಎದ್ದಿದ್ದು ಕಳೆಯುವ ಬದಲು, ತಂಡದ ಅರ್ಧ ಜನರನ್ನು ಬಲವಂತವಾಗಿಯಾದರೂ ಮಲಗಿಸಿ. ಮೊದಲ ದಿನವೇ ನಿದ್ದೆಗೆಟ್ಟು ಬಂದ ತಂಡ ಮೂರನೆಯ ದಿನದ ಹೊತ್ತಿಗೆ ನೆಲಕ್ಕೆ ಬೀಳುತ್ತದೆ.

ಸುಮಾರು 17 ಗಂಟೆ ಎಡೆಬಿಡದೆ ಎಚ್ಚರವಿದ್ದವರ ಪ್ರತಿಕ್ರಿಯೆಯ ವೇಗ, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಕುಸಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕುಡಿದವನ ಕೈಗೆ ದೋಣಿ ಕೊಡದ ನಾವು ನಿದ್ದೆಗೆಟ್ಟವನ ಕೈಗೆ ಕೊಡುತ್ತೇವೆ. ನಾವು ಪಾಲಿಸುವ ಪಾಳಿ ಹೀಗಿದೆ: ದೋಣಿಯ ಮೇಲೆ ಅಥವಾ ನೀರಿನಲ್ಲಿ ಒಮ್ಮೆಗೆ ಎರಡು ಗಂಟೆ, ನಂತರ ಕನಿಷ್ಠ ಅರ್ಧ ಗಂಟೆ ಒಣ ಬಟ್ಟೆಯಲ್ಲಿ ವಿಶ್ರಾಂತಿ, ದಿನಕ್ಕೆ ಒಟ್ಟು ಕೆಲಸ ಹನ್ನೆರಡು ಗಂಟೆ ಮೀರಬಾರದು, ನಿದ್ದೆಗೆ ಒಂದೇ ಪಟ್ಟಿನಲ್ಲಿ ಆರು ಗಂಟೆಯಾದರೂ ಸಿಗಬೇಕು. ಮಲಗುವ ಜಾಗ ಕಾಳಜಿ ಕೇಂದ್ರದಿಂದ ದೂರವಿರಲಿ. ಸಂತ್ರಸ್ತರ ನಡುವೆ ಮಲಗಿದ ಸ್ವಯಂಸೇವಕನನ್ನು ಅರ್ಧ ಗಂಟೆಗೊಮ್ಮೆ ಯಾರಾದರೂ ಎಬ್ಬಿಸುತ್ತಾರೆ, ಅವರದೂ ತಪ್ಪಿಲ್ಲ. ರಾತ್ರಿ ಪಾಳಿ ಮುಗಿಸಿದವರು ಬೈಕ್ ಏರಿ ಮನೆಗೆ ಹೊರಡುವುದಕ್ಕೆ ಬಿಡಬೇಡಿ. ಮಲಗಿ ಎದ್ದು ಹೋಗಲಿ, ಇಲ್ಲವೇ ಬೇರೊಬ್ಬರು ಬಿಟ್ಟು ಬರಲಿ.

ದಣಿವನ್ನು ಹೊರಗಿನಿಂದ ಗುರುತಿಸುವುದು ಕಷ್ಟವಲ್ಲ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಗಂಟು ಹಾಕಲು ಎರಡು ಮೂರು ಸಲ ಪ್ರಯತ್ನಿಸುವುದು, ಸಣ್ಣ ಮಾತಿಗೆ ಸಿಟ್ಟಿಗೇಳುವುದು, ಲೈಫ್ ಜಾಕೆಟ್‌ನ ಬಕಲ್ ಹಾಕದೆ ಹೊರಡುವುದು: ಇವುಗಳಲ್ಲಿ ಎರಡು ಕಂಡರೆ ಅವರನ್ನು ಆ ದಿನಕ್ಕೆ ನೀರಿನಿಂದ ಮೇಲೆ ಕರೆಯಿರಿ.

ನಾಲ್ಕನೆಯ ಹೆಜ್ಜೆ: ನೀರಿನಲ್ಲಿರುವಾಗ

ಒಬ್ಬರೇ ಎಲ್ಲಿಗೂ ಹೋಗಬಾರದು. ಜೋಡಿಯಾಗಿ ಹೋಗಿ ಜೋಡಿಯಾಗಿ ಬರಬೇಕು. ರಭಸದ ನೀರು ಆರು ಇಂಚು ಇದ್ದರೂ ನಿಂತ ಆಳನ್ನು ಕೆಡವಬಲ್ಲದು, ಎರಡು ಅಡಿ ನೀರು ಹೆಚ್ಚಿನ ವಾಹನಗಳನ್ನು ತೇಲಿಸಿಬಿಡಬಲ್ಲದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹರಿಯುವ ನೀರಿಗೆ ಇಳಿಯುವುದು ನಮ್ಮ ಕಡೆಯ ಹಳೆಯ ರೂಢಿ, ಅದನ್ನು ಧೈರ್ಯವೆಂದೂ ಜಾಣತನವೆಂದೂ ಎಣಿಸುತ್ತೇವೆ. ಕಾಲು ಜಾರಿದಾಗ ಹಗ್ಗ ಬಿಗಿಯಾಗಿ, ನೀರಿನ ಒತ್ತಡ ಆಳನ್ನು ಅಲ್ಲೇ ಒಳಗೆ ಅದುಮಿ ಹಿಡಿಯುತ್ತದೆ; ದಂಡೆಯ ಮೇಲೆ ನಿಂತವರು ಎಳೆದಷ್ಟೂ ತಲೆ ನೀರಿನ ಕೆಳಗೇ ಉಳಿಯುತ್ತದೆ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಬೆಲ್ಟ್ ಇರುವ ಜಾಕೆಟ್, ಅದರ ತರಬೇತಿ ಎರಡೂ ಇಲ್ಲದವರು ಮೈಗೆ ಹಗ್ಗ ಕಟ್ಟಿಕೊಳ್ಳಲೇಬಾರದು. ಹಗ್ಗವನ್ನು ಎಸೆಯಲು ಬಳಸಿ. ಬಾಯಿ ಮುಚ್ಚಿದ ಖಾಲಿ ಕ್ಯಾನ್ ಕಟ್ಟಿ ಎಸೆದರೆ ಅದು ತೇಲುತ್ತದೆ, ಹಿಡಿಯಲು ಸುಲಭ.

ಪಂಪ್‌ಸೆಟ್, ಟ್ರಾನ್ಸ್‌ಫಾರ್ಮರ್, ಮುಳುಗಿದ ಮನೆಯ ವೈರಿಂಗ್ ಇರುವ ಜಾಗಕ್ಕೆ ಹೋಗುವ ಮೊದಲು ವಿದ್ಯುತ್ ಕಡಿತವಾಗಿದೆಯೇ ಎಂದು ಹೆಸ್ಕಾಂ ಸಿಬ್ಬಂದಿಯಿಂದಲೇ ಕೇಳಿ ತಿಳಿಯಿರಿ, ಸಹಾಯವಾಣಿ 1912. ಹಾವುಗಳೂ ನೀರಿಗೆ ಹೆದರಿ ಗೋಡೆ, ಗಿಡ, ಬಣವೆ ಹತ್ತಿರುತ್ತವೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು, ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಆ ಚುಚ್ಚುಮದ್ದು ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂಬುದು ದಂಡೆಯವರ ಪುಸ್ತಕದ ಮೊದಲ ಪುಟದಲ್ಲಿ ಬರೆದಿರಲಿ. ಕಟ್ಟಹಾವಿನ ಕಡಿತಕ್ಕೆ ಎಷ್ಟೋ ಸಲ ಗುರುತೂ ಇರುವುದಿಲ್ಲ, ನೋವೂ ಇರುವುದಿಲ್ಲ. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತರೆ ತಡಮಾಡದೆ ಒಯ್ಯಿರಿ.

ಪ್ರತಿ ಪಾಳಿಯ ನಂತರ ಕಾಲನ್ನು ನೋಡುವುದು ದಂಡೆಯವರ ಕೆಲಸ. ಶುದ್ಧ ನೀರು, ಸೋಪಿನಿಂದ ತೊಳೆದು, ಬೆರಳ ಸಂದಿಯನ್ನೂ ಒರೆಸಿ, ಗಾಳಿಗೆ ಒಡ್ಡಿ, ಒಣ ಕಾಲುಚೀಲ ಹಾಕಿಸಬೇಕು. “ಕಾಲ ತೋರ್ಸು” ಎಂದರೆ ಹುಡುಗರು ಮೊದಮೊದಲು ಸಂಕೋಚಪಡುತ್ತಾರೆ, ಹಿರಿಯರ ಮುಂದೆ ಕಾಲು ಚಾಚುವುದು ಹೇಗೆ ಎನ್ನುತ್ತಾರೆ. ನಮ್ಮಲ್ಲಿ ಒಬ್ಬ ನಿವೃತ್ತ ಮಾಸ್ತರರು ತಾವೇ ಕೆಳಗೆ ಕುಳಿತು ಹುಡುಗನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ಯಾರೂ ಸಂಕೋಚಪಡಲಿಲ್ಲ.

ಐದನೆಯ ಹೆಜ್ಜೆ: ಊಟ ಮತ್ತು ನೀರು

ಸುತ್ತ ನೀರಿದ್ದರೂ ಕುಡಿಯುವುದು ಮರೆಯುತ್ತದೆ. ಕೆಲಸದಲ್ಲಿರುವಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಂತೆ ಕುಡಿಯಬೇಕು, ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಕುದಿಸಿ ಆರಿಸಿದ ನೀರು ಅಥವಾ ಕ್ಲೋರಿನ್ ಹಾಕಿದ ನೀರೇ ಆಗಬೇಕು. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಕದಡಿ ಕೊಡಬಹುದು. ಊಟಕ್ಕೆ ನಮ್ಮ ಕಟಕ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಳಸುವುದಿಲ್ಲ, ಜೇಬಿನಲ್ಲೂ ಒಯ್ಯಬಹುದು, ಹೊಟ್ಟೆಯಲ್ಲಿ ನಿಲ್ಲುತ್ತದೆ. ದಾನಿಗಳು ಕಳಿಸುವ ಚಿತ್ರಾನ್ನದ ಪೊಟ್ಟಣ ಗಂಟೆಗಟ್ಟಲೆ ಬಿಸಿಲಲ್ಲಿ ಇದ್ದರೆ ಅದನ್ನು ಯಾರಿಗೂ ಕೊಡಬೇಡಿ. ಚಹಾ, ಗುಟ್ಕಾ, ತಂಬಾಕಿನ ಮೇಲೆ ದಿನ ತಳ್ಳುವವರನ್ನು ಕೂಡಿಸಿ ಉಣಿಸಿ. ದಣಿವಾರಲೆಂದು ರಾತ್ರಿ ಕುಡಿಯುವ ಮದ್ಯ ನಿದ್ದೆಯನ್ನು ತುಂಡು ತುಂಡು ಮಾಡುತ್ತದೆ, ಮರುದಿನ ನೀರಿಗೆ ಇಳಿಯುವವನಿಗೆ ಅದು ನೇರ ಅಪಾಯ.

ಏಪ್ರಿಲ್, ಮೇ ತಿಂಗಳ ಬೆಂಕಿ ಅನಾಹುತ, ಕೊಳವೆಬಾವಿಯ ಕಾರ್ಯಾಚರಣೆಗಳಲ್ಲಿ ಬಿಸಿಲೇ ಮೊದಲ ಶತ್ರು. ವಿಜಯಪುರದ ಕಡೆ ಆಗ 40 ಡಿಗ್ರಿ ದಾಟಿರುತ್ತದೆ. ಮೈ ಸುಡುತ್ತಿದ್ದು, ಮಾತು ತೊದಲಿ, ಗೊಂದಲಗೊಂಡವರಿಗೆ ಬಿಸಿಲಿನ ಹೊಡೆತ ಬಿದ್ದಿದೆ ಎಂದು ತಿಳಿದು, 108ಕ್ಕೆ ಕರೆ ಮಾಡಿ, ಗಾಡಿ ಬರುವ ತನಕ ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಹಾಕುತ್ತಲೇ ಇರಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಆರನೆಯ ಹೆಜ್ಜೆ: ಶವ ಎತ್ತಬೇಕಾಗಿ ಬಂದಾಗ

ಇದಕ್ಕೆ ಯಾರನ್ನೂ ಒತ್ತಾಯಿಸಬಾರದು, ಹದಿನೆಂಟು ತುಂಬದವರನ್ನು ಹತ್ತಿರಕ್ಕೂ ಬಿಡಬಾರದು. ಒಪ್ಪಿ ಬಂದವರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿ: ಶವ ಎಷ್ಟು ದಿನದ್ದು, ಯಾವ ಸ್ಥಿತಿಯಲ್ಲಿರಬಹುದು, ಮಗುವಿನದೇ, ಪರಿಚಿತರದೇ. ಸಿದ್ಧವಾಗಿ ಹೋದ ಮನಸ್ಸಿಗೆ ಬೀಳುವ ಪೆಟ್ಟು ಕಡಿಮೆ. ದಪ್ಪ ಕೈಗವಸು, ಮಾಸ್ಕ್ ಹಾಕಿ, ಆಮೇಲೆ ಸೋಪಿನಿಂದ ತೊಳೆದರೆ ಸಾಕು. ಪ್ರವಾಹದಲ್ಲಿ ಸತ್ತವರ ದೇಹದಿಂದ ಊರಿಗೆ ಸಾಂಕ್ರಾಮಿಕ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಮುಖವನ್ನು ದಿಟ್ಟಿಸಿ ನೋಡುತ್ತ ನಿಲ್ಲುವುದು, ಜೇಬಿನ ಫೋಟೊ, ಕಾಗದಗಳನ್ನು ಓದುವುದು ಬೇಡ. ಅವು ಮನಸ್ಸಿನಲ್ಲಿ ಕಚ್ಚಿಕೊಂಡು ಉಳಿಯುತ್ತವೆ. ಆ ಕೆಲಸ ಪೊಲೀಸರಿಗಿರಲಿ. ಮೊಬೈಲ್‌ನಲ್ಲಿ ಚಿತ್ರ ತೆಗೆಯುವುದನ್ನು ಪೂರ್ತಿ ನಿಷೇಧಿಸಿ. ಕೆಲಸ ಮುಗಿದ ಮೇಲೆ ಸ್ನಾನ, ಬೇರೆ ಬಟ್ಟೆ, ಬಿಸಿ ಊಟ ಸಿದ್ಧವಿರಲಿ ಮತ್ತು ಅಂದು ರಾತ್ರಿ ಅವರು ಒಬ್ಬರೇ ಮಲಗದಿರಲಿ.

ಏಳನೆಯ ಹೆಜ್ಜೆ: ನೀರು ಇಳಿದ ಮೇಲಿನ ಮೂವತ್ತು ದಿನ

ನಾವು ಎಡವಿದ್ದು ಇಲ್ಲೇ. ಹೊಳೆ ಇಳಿದ ಕೂಡಲೇ ತಂಡ ಚದುರುತ್ತದೆ, ಪ್ರತಿಯೊಬ್ಬರೂ ತಮ್ಮ ಮನೆಯ ಕೆಸರು ಎತ್ತಲು ಹೋಗುತ್ತಾರೆ. ಇಲಿಜ್ವರ ಸೋಂಕು ತಗಲಿದ ಎರಡು ದಿನದಿಂದ ಮೂವತ್ತು ದಿನದೊಳಗೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ದಂಡೆಯವರು ತಮ್ಮ ಪುಸ್ತಕದಲ್ಲಿರುವ ಪ್ರತಿಯೊಬ್ಬರಿಗೂ ಮೂವತ್ತು ದಿನಗಳ ತನಕ ಮೂರು ದಿನಕ್ಕೊಮ್ಮೆ ಫೋನ್ ಮಾಡಲಿ. “ಆರಾಮ ಅದೀಯೇನು?” ಎಂದು ಕೇಳಿದರೆ “ಆರಾಮ” ಎಂದೇ ಉತ್ತರ ಬರುತ್ತದೆ. ಜ್ವರ ಬಂದಿದೆಯೇ, ಮೀನಖಂಡ ನೋಯುತ್ತದೆಯೇ, ಕಣ್ಣು ಕೆಂಪಗಿದೆಯೇ, ಮೂತ್ರ ಕಡಿಮೆಯಾಗಿದೆಯೇ, ರಾತ್ರಿ ಎಷ್ಟು ಗಂಟೆಗೆ ನಿದ್ದೆ ಹತ್ತಿತು ಎಂದು ಬಿಡಿಬಿಡಿಯಾಗಿ ಕೇಳಿ, ಸಾಧ್ಯವಾದರೆ ಮನೆಯವರನ್ನೂ ಕೇಳಿ. ಜ್ವರವಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಹೋದಾಗ “ನೆರೆನೀರಾಗ ಇಷ್ಟು ದಿನ ನಿಂತಿದ್ದೆ” ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ನಮ್ಮ ಹುಡುಗನ ವಿಷಯದಲ್ಲಿ ಈ ಒಂದು ವಾಕ್ಯವನ್ನು ಮೊದಲ ದಿನ ಯಾರೂ ಹೇಳಲಿಲ್ಲ.

ಹೆಚ್ಚಿನ ಸ್ವಯಂಸೇವಕರು ತಾವೂ ಸಂತ್ರಸ್ತರೇ ಎಂಬುದನ್ನು ಮರೆಯಬಾರದು. ಬೇರೆಯವರ ಕಾಳು, ಕಡಿ ಹೊತ್ತು ತಂದವನ ಮನೆಯ ಕಾಳು ನೀರಿನಲ್ಲಿ ಮೊಳೆತಿರುತ್ತದೆ. ಸರ್ವೆ ಮಾಡುವವರು ಬಂದಾಗ ಅವನು ದೋಣಿಯಲ್ಲಿದ್ದು, ಅವನ ಹೆಸರೇ ಪರಿಹಾರದ ಪಟ್ಟಿಯಿಂದ ಬಿಟ್ಟುಹೋಗುವುದೂ ಉಂಟು. ತಂಡದ ಒಬ್ಬರು ಈ ಅರ್ಜಿಗಳನ್ನೇ ಬೆನ್ನು ಹತ್ತಲಿ. ಕೂಲಿ ಮಾಡಿ ಬದುಕುವವರ ಹತ್ತು ದಿನದ ದುಡಿಮೆ ಹೋಗಿರುತ್ತದೆ. ಇದನ್ನು ಸೇವೆ ಎಂದು ಹೊಗಳಿ ಸುಮ್ಮನಾಗುವುದು ನನಗೆ ಸರಿ ಕಾಣುವುದಿಲ್ಲ. ಗಣೇಶ ಚತುರ್ಥಿಯ ವರ್ಗಣಿಯ ಒಂದು ಪಾಲನ್ನು ತೆಗೆದಿಟ್ಟು ನಾವು ಇಂಥ ಮನೆಗಳಿಗೆ ಕಿರಾಣಿ ಸಾಮಾನು ಕೊಡುತ್ತೇವೆ. ಹಣವೆಂದರೆ ಬೇಡವೆನ್ನುವವರು ಮನೆಗೆ ಬಂದ ಚೀಲವನ್ನು ಹಿಂದೆ ಕಳಿಸುವುದಿಲ್ಲ.

ಎಂಟನೆಯ ಹೆಜ್ಜೆ: ಮನಸ್ಸಿನ ಗಾಯ

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಎತ್ತಿದಾಗ ಇಡೀ ನಾಡು ಸಂತೋಷಪಟ್ಟಿತು. 2014ರ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ದಿನಗಟ್ಟಲೆ ಅಗೆದರೂ ಬಾಲಕ ಉಳಿಯಲಿಲ್ಲ. ಎರಡೂ ಕಡೆ ಮಣ್ಣು ಅಗೆದ ಕೈಗಳು ಒಂದೇ ಬಗೆಯ ದುಡಿಮೆ ಮಾಡಿದವು. ಜೀವ ಉಳಿದ ಕಡೆ ಹಾರ, ಶಾಲು ಬರುತ್ತವೆ. ಉಳಿಯದ ಕಡೆ ದುಡಿದವರು ತಲೆ ತಗ್ಗಿಸಿ ಮನೆಗೆ ಹೋಗುತ್ತಾರೆ, ಅವರನ್ನು ಕೇಳುವವರೇ ಇರುವುದಿಲ್ಲ. ನಿಮ್ಮ ಗಮನ ಮೊದಲು ಹೋಗಬೇಕಾದದ್ದು ಅಂಥವರ ಕಡೆಗೆ.

ಮೊದಲ ಎರಡು ಮೂರು ವಾರ ನಿದ್ದೆ ಕೆಡುವುದು, ಕಂಡದ್ದು ಕಣ್ಣಮುಂದೆ ಬರುವುದು, ಸದ್ದಿಗೆ ಬೆಚ್ಚುವುದು, “ಇನ್ನೊಂದು ನಿಮಿಷ ಮೊದಲ ಹೋಗಬೇಕಿತ್ತು” ಎಂಬ ಕೊರಗು, ಇವೆಲ್ಲ ಆಗುವಂಥದ್ದೇ; ಹೆಚ್ಚಿನವರಲ್ಲಿ ತಾನಾಗಿ ತಗ್ಗುತ್ತದೆ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಿ. ತನಗೆ ಹುಚ್ಚು ಹಿಡಿಯುತ್ತಿದೆಯೇನೋ ಎಂದು ಒಳಗೊಳಗೆ ಹೆದರಿದವರು ಇಷ್ಟು ಮಾತಿಗೇ ನಿರಾಳರಾಗುವುದನ್ನು ಕಂಡಿದ್ದೇನೆ. ಎಲ್ಲರನ್ನೂ ಕೂಡಿಸಿ ಒಬ್ಬೊಬ್ಬರೂ ಕಂಡದ್ದನ್ನು ವಿವರವಾಗಿ ಹೇಳಲೇಬೇಕೆಂದು ಒತ್ತಾಯಿಸುವ ಸಭೆ ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡವೆನ್ನುತ್ತದೆ. ಒಟ್ಟಿಗೆ ಉಣ್ಣಿ, ಜೊತೆಗೆ ಕೂಡಿರಿ, ಮಾತನಾಡುವವರು ಮಾತನಾಡಲಿ, ಸುಮ್ಮನಿರುವವರು ಸುಮ್ಮನಿರಲಿ. “ಗಂಡಸಾಗಿ ಇಷ್ಟಕ್ಕ ಅಂಜತಿಯೇನು?” ಎಂಬ ಮಾತು ತಮಾಷೆಗೂ ಬರಬಾರದು.

ಒಂದು ತಿಂಗಳು ಕಳೆದರೂ ಇಳಿಯದಿದ್ದರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಕುಡಿತ ಏರಿದರೆ ವೈದ್ಯರ ನೆರವು ಬೇಕು. ಇದನ್ನು ಮೊದಲು ಗುರುತಿಸುವವರು ಮನೆಯವರು. ಒಬ್ಬ ತಾಯಿ ನನಗೆ ಹೇಳಿದ್ದು: “ಉಣ್ಣಾಕ ಕುಂತ್ರ ತಾಟ ನೋಡ್ಕೋತ ಕೂಡ್ತಾನ್ರೀ, ರೊಟ್ಟಿ ಆರಿ ಹೋದ್ರೂ ಮುರಿಯೂದಿಲ್ಲ.” ಆ ಮಾತಿನ ಮೇಲೆ ಆ ಹುಡುಗನನ್ನು ವೈದ್ಯರ ಬಳಿ ಕರೆದೊಯ್ದೆವು. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವೇನಲ್ಲ. ಒಬ್ಬರೇ ಹೋಗು ಎಂದು ಚೀಟಿ ಕೊಟ್ಟರೆ ಹೋಗುವುದಿಲ್ಲ, ಜೊತೆಗೆ ಹೋಗಿ. ಬದುಕು ಸಾಕಾಗಿದೆ ಎಂಬ ಅರ್ಥದ ಮಾತು ಬಂದರೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಂಟಿಯಾಗಿ ಬಿಡಬೇಡಿ, ಹೊಲದ ಕ್ರಿಮಿನಾಶಕದ ಡಬ್ಬಿಗಳನ್ನು ಆ ಮನೆಯಿಂದ ಅಂದೇ ಬೇರೆ ಕಡೆ ಸಾಗಿಸಿ.

ಮುಂದಿನ ವರ್ಷದ ತಂಡ

ದೀಪಾವಳಿ ಕಳೆದ ಮೇಲೆ ಪುಸ್ತಕವನ್ನು ತೆರೆದು ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕಂಡು, ಬರುವ ವರ್ಷ ಯಾವ ಕೆಲಸಕ್ಕೆ ಬರುತ್ತೀರಿ ಎಂದು ಕೇಳಿ. ಗುಂಪಿನಲ್ಲಿ ಕೇಳಿದರೆ ಎಲ್ಲರೂ ನೀರಿಗೇ ಎನ್ನುತ್ತಾರೆ. ಬೇಡವೆನ್ನುವವರಿಗೆ ಕಾರಣ ಕೇಳಬೇಡಿ, ದಂಡೆಯ ಕೆಲಸಗಳ ಪಟ್ಟಿಯನ್ನು ಮುಂದಿಡಿ. ಇಲಿಜ್ವರದಿಂದ ಎದ್ದ ನಮ್ಮ ಹುಡುಗ “ನೀರಾಗ ಬ್ಯಾಡ್ರೀ ಕಾಕಾ, ಮ್ಯಾಲ ಇರ್ತೇನಿ” ಎಂದ. ಈಗ ನೋಟ್‌ಬುಕ್ ಅವನ ಕೈಯಲ್ಲಿದೆ. ಯಾರಾದರೂ “ಏನಿಲ್ಲ, ನಿದ್ದಿ ಕಮ್ಮಿ ಆಗೈತಿ ಅಷ್ಟ” ಎಂದರೆ ಅವನು ಮೊದಲು ಕಾಲು ತೋರಿಸಲು ಹೇಳುತ್ತಾನೆ.